ಮೊದಲ ಬಾರಿ ಸೈಕೋಸಿಸ್, ಮೊದಲ ಮಾತ್ರೆ: ತುಮಕೂರಿನ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಾಕ್ಟರ್ ಚೀಟಿ ಬರೆದುಕೊಟ್ಟ ಮೇಲೆ ಮನೆಯವರು ರೂಮಿನಿಂದ ಹೊರಗೆ ಬರುತ್ತಾರೆ. ಒಳಗೆ ಕೇಳಲು ಧೈರ್ಯ ಸಾಲದ ಪ್ರಶ್ನೆಗಳೆಲ್ಲ ಆಗ ಬಾಯಿಗೆ ಬರುತ್ತವೆ. "ಸಿಸ್ಟರ್, ಒಂದು ನಿಮಿಷ" ಅಂತ ಪಕ್ಕಕ್ಕೆ ಕರೆದು ಕೇಳುತ್ತಾರೆ. ತುಮಕೂರು ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ವಿಭಾಗದ ನರ್ಸ್ ಆಗಿ ನಾನು ದಿನಾ ಕೇಳಿಸಿಕೊಳ್ಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಮಾತ್ರೆಗಳ ಹೆಸರು, ಡೋಸ್ ಬರೆದಿರುವುದು ಚೀಟಿಯಲ್ಲಿ ಏನಿದೆ ಅಂತ ನಿಮಗೆ ಅರ್ಥವಾಗಲಿ ಅಂತ. ದಯವಿಟ್ಟು ಇದನ್ನು ನೋಡಿಕೊಂಡು ನೀವೇ ಡೋಸ್ ಬದಲಾಯಿಸಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ಮಾತ್ರೆ ಆ ಹುಡುಗನಿಗೋ ಹುಡುಗಿಗೋ ಹೇಗೆ ಅನಿಸಿತು ಅನ್ನೋದು ತುಂಬಾ ಮುಖ್ಯ. ಮೊದಲ ತಿಂಗಳಲ್ಲೇ ಮೈ ಬಿಗಿದು, ನಾಲಿಗೆ ತೊದಲಿ, ದಿನವಿಡೀ ಮಂಪರಿನಲ್ಲಿ ಬಿದ್ದಿದ್ದವರು ಆಮೇಲೆ ಆಸ್ಪತ್ರೆ ಅಂದರೇ ಓಡುತ್ತಾರೆ. ಕೆಳಗಿನ ಬಹುಪಾಲು ಉತ್ತರಗಳ ಹಿಂದೆ ಇದೇ ಕಾಳಜಿ ಇದೆ.

ಸೈಕೋಸಿಸ್ ಅಂದ್ರೆ ಏನು? ನಮ್ಮ ಹುಡುಗನಿಗೆ ಅದೇ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಯಾರೂ ಇಲ್ಲದಿದ್ದರೂ ಮಾತು ಕೇಳಿಸುವುದು. ಯಾರೋ ಹಿಂಬಾಲಿಸುತ್ತಿದ್ದಾರೆ, ಊಟದಲ್ಲಿ ವಿಷ ಹಾಕಿದ್ದಾರೆ, ಮೊಬೈಲ್‌ನಲ್ಲಿ ನನ್ನ ಬಗ್ಗೆಯೇ ಬರುತ್ತಿದೆ ಅಂತ ಗಟ್ಟಿಯಾಗಿ ನಂಬುವುದು. ಮಾತು ಒಂದಕ್ಕೊಂದು ಸಂಬಂಧವಿಲ್ಲದೆ ಹೋಗುವುದು. ಇವು ಎದ್ದು ಕಾಣುವ ಲಕ್ಷಣಗಳು. ಇದಕ್ಕೂ ಮುಂಚೆ ಎಷ್ಟೋ ತಿಂಗಳು ನಿದ್ದೆ ಕೆಟ್ಟಿರುತ್ತದೆ, ಸ್ನಾನ ಬಿಟ್ಟಿರುತ್ತಾನೆ, ಗೆಳೆಯರ ಫೋನ್ ಎತ್ತುವುದಿಲ್ಲ, ಕಾಲೇಜಿನಲ್ಲಿ ಅಂಕ ಕುಸಿದಿರುತ್ತದೆ. ಸಾಮಾನ್ಯವಾಗಿ ಇದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ವಯಸ್ಸಿನಲ್ಲಿ ಶುರುವಾಗುತ್ತದೆ. ಹೆಣ್ಣುಮಕ್ಕಳಲ್ಲಿ ಗಂಡುಮಕ್ಕಳಿಗಿಂತ ಸ್ವಲ್ಪ ತಡ.

ಮೊದಲ ಬಾರಿ ಬಂದವರಿಗೆ ತಕ್ಷಣ "ಸ್ಕಿಜೋಫ್ರೀನಿಯಾ" ಅಂತ ಹಣೆಪಟ್ಟಿ ಹಚ್ಚುವುದಿಲ್ಲ. ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ) ಇರಬಹುದು, ತೀವ್ರ ಖಿನ್ನತೆ ಇರಬಹುದು, ಗಾಂಜಾದಿಂದ ಆಗಿರಬಹುದು. ಅದು ಸ್ಪಷ್ಟವಾಗಲು ಕೆಲವು ತಿಂಗಳು ಬೇಕು. ಚಿಕಿತ್ಸೆ ಮಾತ್ರ ಅಷ್ಟು ದಿನ ಕಾಯಬಾರದು.

ಗಾಳಿ ಸೋಕಿದೆ ಅಂತಾರೆ. ಮೊದಲು ಶಾಸ್ತ್ರ ಕೇಳಿಸಿ ಆಮೇಲೆ ಬರಬಹುದಾ?

ಪೂಜೆ ಬೇಡ ಅಂತ ನಾನು ಯಾರಿಗೂ ಹೇಳಲ್ಲ. ತಾಯತ ಕಟ್ಟಿಕೊಂಡೇ ಬನ್ನಿ, ಪರವಾಗಿಲ್ಲ. ಆದರೆ "ಮೊದಲು ಅದು, ಆಮೇಲೆ ಇದು" ಅಂದಾಗ ಆ "ಆಮೇಲೆ" ಬರಲು ಒಂದು ವರ್ಷ ಆಗಿರುತ್ತದೆ. ಸೈಕೋಸಿಸ್ ಶುರುವಾಗಿ ಚಿಕಿತ್ಸೆ ಸಿಗದೆ ಹೋದ ಕಾಲ ಹೆಚ್ಚಾದಷ್ಟೂ ಗುಣ ಕಾಣುವುದು ಕಷ್ಟ ಅನ್ನುವುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ವಿಷಯ. ಎರಡೂ ಒಟ್ಟಿಗೇ ನಡೆಯಲಿ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ಮಾತ್ರ ಯಾರು ಹೇಳಿದರೂ ಬೇಡ.

ತಡವಾಗಿ ಬಂದವರು ಕೈಚೆಲ್ಲಬೇಕಾಗಿಲ್ಲ. ನಿಮ್ಹಾನ್ಸ್ ಸಂಸ್ಥೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ, ನಮ್ಮ ಜಿಲ್ಲೆಯದೇ ಆದ ತುರುವೇಕೆರೆಯಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಊರಿನಲ್ಲೇ ಗುರುತಿಸಿ, ತಾಲೂಕಿನಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ನೋಡಿಕೊಂಡು ಬಂದಿದೆ. ತೀರ್ಥಹಳ್ಳಿಯಲ್ಲಿ ಅಲ್ಲಿಯವರೆಗೆ ಮಾತ್ರೆಯನ್ನೇ ಕಾಣದಿದ್ದವರೂ ಚಿಕಿತ್ಸೆ ಶುರುವಾದ ಮೇಲೆ ಕೆಲಸ, ಮನೆ, ಸ್ವಂತ ಆರೈಕೆಯಲ್ಲಿ ಸುಧಾರಿಸಿದರು.

ಮಾತ್ರೆ ಕೊಡುವ ಮುಂಚೆ ಇಷ್ಟೊಂದು ಪರೀಕ್ಷೆ ಯಾಕೆ?

ಎರಡು ಕಾರಣ. ಒಂದು, ಬೇರೆ ಕಾಯಿಲೆ ಸೈಕೋಸಿಸ್ ವೇಷದಲ್ಲಿ ಬಂದಿದೆಯಾ ಅಂತ ನೋಡಬೇಕು. ಜ್ವರ, ಫಿಟ್ಸ್, ತಲೆಗೆ ಪೆಟ್ಟು, ಎರಡೇ ದಿನದಲ್ಲಿ ಪೂರ್ತಿ ಗೊಂದಲ, ಸ್ಟೀರಾಯ್ಡ್ ಮಾತ್ರೆ, ಎಣ್ಣೆ ದಿಢೀರನೆ ಬಿಟ್ಟಿದ್ದು, ಇವುಗಳಲ್ಲಿ ಯಾವುದಿದ್ದರೂ ಕೇಳುವವರೆಗೆ ಕಾಯದೆ ಹೇಳಿ. ಎರಡನೆಯದು, ಮುಂದೆ ಮಾತ್ರೆಯಿಂದ ಏನು ಬದಲಾಯಿತು ಅಂತ ತಿಳಿಯಲು ಇವತ್ತಿನ ಲೆಕ್ಕ ಬೇಕು. ತೂಕ, ಸೊಂಟದ ಸುತ್ತಳತೆ, ಬಿ.ಪಿ., ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟ್ರಾಲ್, ಬೇಕಿದ್ದರೆ ಇಸಿಜಿ. ಇವನ್ನು ನೋಡದೆ ಚೀಟಿ ಬರೆದಿದ್ದರೆ "ಸರ್, ತೂಕ ನೋಡಲಿಲ್ಲ" ಅಂತ ನೀವೇ ನೆನಪಿಸಿ. ಅದರಲ್ಲಿ ತಪ್ಪೇನಿಲ್ಲ.

ಇನ್ನೂ ಪೂರ್ತಿ ಕಾಯಿಲೆ ಆಗಿಲ್ಲ, ಸ್ವಲ್ಪ ಅನುಮಾನ ಅಷ್ಟೇ. ಈಗಲೇ ಮಾತ್ರೆ ಶುರು ಮಾಡಿದ್ರೆ ಒಳ್ಳೇದಲ್ವಾ?

ಅಲ್ಲ. ಆಗಾಗ ಹೆಸರು ಕೂಗಿದ ಹಾಗೆ ಅನಿಸುವುದು, ಒಂದಿಷ್ಟು ಸಂಶಯ, ಓದಿನಲ್ಲಿ ಹಿಂದೆ ಬೀಳುವುದು, ಇಷ್ಟೇ ಇದ್ದರೆ ಆಂಟಿಸೈಕೋಟಿಕ್ (ಸೈಕೋಸಿಸ್‌ಗೆ ಕೊಡುವ ಮಾತ್ರೆ) ಕೊಡಬಾರದು ಅಂತ ಬ್ರಿಟನ್ನಿನ ನೈಸ್ ಅನ್ನುವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಹೀಗಿರುವವರಲ್ಲಿ ಬಹಳ ಮಂದಿಗೆ ಮುಂದೆ ಸೈಕೋಸಿಸ್ ಬರುವುದೇ ಇಲ್ಲ. ಅವರಿಗೆ ಆಪ್ತಸಮಾಲೋಚನೆ, ನಿದ್ದೆ, ಆತಂಕಕ್ಕೆ ಚಿಕಿತ್ಸೆ, ಗಾಂಜಾ ಬಿಡಿಸುವುದು, ತಿಂಗಳಿಗೊಮ್ಮೆಯಾದರೂ ಬಂದು ತೋರಿಸುವುದು ಸಾಕು.

ಅಂಗಡಿಯಲ್ಲಿ ಹತ್ತಾರು ಮಾತ್ರೆ ಇವೆ. ನಮ್ಮವನಿಗೆ ಇದೇ ಅಂತ ಹೇಗೆ ಆರಿಸುತ್ತಾರೆ?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಕೇಳುವವರು ಕಡಿಮೆ, ಎಲ್ಲರೂ ಕೇಳಬೇಕು.

1952ರಲ್ಲಿ ಪ್ಯಾರಿಸ್‌ನ ಡಾಕ್ಟರುಗಳು ಕ್ಲೋರ್‌ಪ್ರೊಮಜಿನ್ ಅನ್ನುವ ಔಷಧಿಯನ್ನು ಸೈಕೋಸಿಸ್‌ಗೆ ಬಳಸಲು ಶುರು ಮಾಡಿದರು. ಅಲ್ಲಿಂದ ಈಚೆಗೆ ಬಂದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೆಲಸ ಮಾಡುವುದು ಮೆದುಳಿನ ಡೋಪಮಿನ್ ಅನ್ನುವ ರಾಸಾಯನಿಕದ ಮೇಲೆ. ಹ್ಯಾಲೋಪೆರಿಡಾಲ್ ಹಳೆಯ ಗುಂಪಿನದು. ರಿಸ್ಪೆರಿಡೋನ್, ಓಲಾಂಜಪೈನ್, ಅಮಿಸಲ್ಪ್ರೈಡ್, ಕ್ವೆಟಿಯಾಪಿನ್, ಅರಿಪಿಪ್ರಜೋಲ್ ಆಮೇಲೆ ಬಂದವು. ಮೊದಲ ಸಲ ಸೈಕೋಸಿಸ್ ಬಂದವರಲ್ಲಿ ಮಾತು ಕೇಳಿಸುವುದನ್ನು, ಅನುಮಾನವನ್ನು ಕಡಿಮೆ ಮಾಡುವ ಶಕ್ತಿಯಲ್ಲಿ ಇವುಗಳ ನಡುವೆ ಅಂಥ ದೊಡ್ಡ ಅಂತರ ಇಲ್ಲ. ಅಂತರ ಇರುವುದು ಅಡ್ಡಪರಿಣಾಮದಲ್ಲಿ.

ಯುರೋಪ್ ಮತ್ತು ಇಸ್ರೇಲ್ ಸೇರಿ 14 ದೇಶಗಳ 498 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಡಿಮೆ ಡೋಸಿನ ಹ್ಯಾಲೋಪೆರಿಡಾಲ್ ತೆಗೆದುಕೊಂಡವರಲ್ಲೂ ಹೊಸ ಮಾತ್ರೆ ತೆಗೆದುಕೊಂಡವರಲ್ಲೂ ಲಕ್ಷಣ ಇಳಿದಿದ್ದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಸುಮಾರು ಶೇ. 60. ಆದರೆ ಒಂದು ವರ್ಷದೊಳಗೆ ಆ ಮಾತ್ರೆ ನಿಂತುಹೋಗಿದ್ದು ಹ್ಯಾಲೋಪೆರಿಡಾಲ್ ಗುಂಪಿನಲ್ಲಿ ಶೇ. 72 ಜನರಲ್ಲಿ, ಓಲಾಂಜಪೈನ್ ಗುಂಪಿನಲ್ಲಿ ಶೇ. 33 ಜನರಲ್ಲಿ. ಎಷ್ಟೇ ಒಳ್ಳೆಯ ಮಾತ್ರೆಯಾದರೂ ನುಂಗದೆ ಕೆಲಸ ಮಾಡಲ್ಲ, ಅಲ್ವಾ?

ಹಾಗಾಗಿ ಆಯ್ಕೆ ಮಾಡುವಾಗ ಕೇಳಬೇಕಾದ್ದು ಆ ವ್ಯಕ್ತಿಯ ಬದುಕನ್ನು. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದು ಈಗಾಗಲೇ ದಪ್ಪ ಇದ್ದರೆ ಓಲಾಂಜಪೈನ್ ಮೊದಲ ಆಯ್ಕೆ ಆಗಬಾರದು. ನಿದ್ದೆಯೇ ಇಲ್ಲದೆ ಒದ್ದಾಡುವವರಿಗೆ ಅರಿಪಿಪ್ರಜೋಲ್ ಮೊದಮೊದಲು ಚಡಪಡಿಕೆ ಜಾಸ್ತಿ ಮಾಡಬಹುದು. ಮುಟ್ಟು ಮೊದಲೇ ಸರಿಯಾಗಿ ಆಗದ ಹುಡುಗಿಗೆ ರಿಸ್ಪೆರಿಡೋನ್, ಅಮಿಸಲ್ಪ್ರೈಡ್ ಬರೆಯುವ ಮುಂಚೆ ಯೋಚಿಸಬೇಕು. ಬೆಳಗ್ಗೆ ಐದಕ್ಕೆ ಎದ್ದು ಗಾರ್ಮೆಂಟ್ಸ್ ಬಸ್ ಹಿಡಿಯುವವಳಿಗೆ ಹಗಲೂ ಮಂಪರು ಉಳಿಸುವ ಮಾತ್ರೆ ಕೊಟ್ಟರೆ ಕೆಲಸವೇ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಯಾವುದು ಉಚಿತವಾಗಿ ಸಿಗುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ತಿಂಗಳು ತಿಂಗಳು ಕೊಳ್ಳಲು ಆಗದ ಮಾತ್ರೆ ಎರಡನೇ ತಿಂಗಳಿಗೇ ನಿಲ್ಲುತ್ತದೆ.

ಈ ಮಾತೆಲ್ಲ ಅಪ್ಪ, ಅಮ್ಮ, ಡಾಕ್ಟರ್ ಮೂವರ ನಡುವೆ ಮುಗಿದುಹೋಗಬಾರದು. ಮಾತ್ರೆ ನುಂಗುವವನು ಅಲ್ಲೇ ಕುರ್ಚಿಯಲ್ಲಿ ಕೂತಿರುತ್ತಾನೆ. ಅವನಿಗೆ ಮಾತು ಕೇಳಿಸುತ್ತಿದ್ದರೂ "ತೂಕ ಹೆಚ್ಚೋದು ಬೇಡವಾ, ಮಂಪರು ಬೇಡವಾ?" ಅಂತ ಕೇಳಿದರೆ ಬಹಳ ಸಲ ಸರಿಯಾದ ಉತ್ತರವನ್ನೇ ಕೊಡುತ್ತಾನೆ.

ಡೋಸ್ ಇಷ್ಟು ಕಡಿಮೆ ಯಾಕೆ? ಜಾಸ್ತಿ ಕೊಟ್ರೆ ಬೇಗ ಹುಷಾರಾಗಲ್ವಾ?

ಮೊದಲ ಸಲದವರು ಕಡಿಮೆ ಡೋಸಿಗೇ ಚೆನ್ನಾಗಿ ಸ್ಪಂದಿಸುತ್ತಾರೆ, ಅಡ್ಡಪರಿಣಾಮವೂ ಅವರಿಗೆ ಬೇಗ ಆಗುತ್ತದೆ. ರಿಸ್ಪೆರಿಡೋನ್ ಆದರೆ ಸಾಮಾನ್ಯವಾಗಿ 1 ಮಿ.ಗ್ರಾಂನಿಂದ ಶುರು ಮಾಡಿ ನಿಧಾನವಾಗಿ 2ರಿಂದ 4ಕ್ಕೆ ಏರಿಸುತ್ತಾರೆ. ಓಲಾಂಜಪೈನ್ 5 ಮಿ.ಗ್ರಾಂನಿಂದ ಶುರುವಾಗಿ 10ರ ಆಸುಪಾಸಿಗೆ. ಡೋಸ್ ಎರಡು ಪಟ್ಟು ಮಾಡಿದರೆ ಕಾಯಿಲೆ ಎರಡು ಪಟ್ಟು ಬೇಗ ಇಳಿಯುವುದಿಲ್ಲ. ಕೈಕಾಲು ಬಿಗಿಯುವುದು ಮಾತ್ರ ಖಂಡಿತ ಹೆಚ್ಚುತ್ತದೆ.

ರಾತ್ರಿಯಿಡೀ ಕೂಗಾಡುತ್ತಿದ್ದರೆ ಏನು ಮಾಡೋದು ಅಂತ ಕೇಳುತ್ತೀರಿ. ಅದಕ್ಕೆ ಲೋರಜೆಪಾಮ್‌ನಂಥ ನಿದ್ದೆಯ ಮಾತ್ರೆಯನ್ನು ಕೆಲವು ದಿನಗಳ ಮಟ್ಟಿಗೆ ಜೊತೆಗೆ ಕೊಡುತ್ತಾರೆ. ಆಂಟಿಸೈಕೋಟಿಕ್ ಡೋಸನ್ನು ಸುಮ್ನೆ ಏರಿಸುವುದಕ್ಕಿಂತ ಇದು ವಾಸಿ. ಒಂದೇ ಚೀಟಿಯಲ್ಲಿ ಎರಡು ಮೂರು ಆಂಟಿಸೈಕೋಟಿಕ್ ಶುರುವಿನಲ್ಲೇ ಕಂಡರೆ "ಇದರಲ್ಲಿ ಒಂದು ಸಾಲದಾ ಸರ್?" ಅಂತ ಧೈರ್ಯವಾಗಿ ಕೇಳಿ.

ಎಷ್ಟು ದಿನಕ್ಕೆ ಗುಣ ಕಾಣುತ್ತೆ?

ನಿದ್ದೆ, ಸಿಟ್ಟು, ಚಡಪಡಿಕೆ ಕೆಲವೇ ದಿನಗಳಲ್ಲಿ ತಗ್ಗುತ್ತವೆ. ಮಾತು ಕೇಳಿಸುವುದು, ಅನುಮಾನ ಇಳಿಯಲು ವಾರಗಳು ಬೇಕು. ಒಮ್ಮೆಗೇ ನಿಲ್ಲುವುದಿಲ್ಲ. ರೇಡಿಯೋ ಸೌಂಡ್ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿದ ಹಾಗೆ ಅಂತ ಎಷ್ಟೋ ಜನ ಹೇಳುತ್ತಾರೆ: ಮಾತು ಇನ್ನೂ ಇದೆ, ಆದರೆ ದೂರದಲ್ಲಿದೆ, ಅದಕ್ಕೆ ಉತ್ತರ ಕೊಡಬೇಕು ಅನಿಸುವುದಿಲ್ಲ. ಎರಡು ವಾರಕ್ಕೂ ಏನೇನೂ ಬದಲಾವಣೆ ಇಲ್ಲದಿದ್ದರೆ ಡಾಕ್ಟರಿಗೆ ಹೇಳಿ. ಸರಿಯಾದ ಡೋಸಿನಲ್ಲಿ 4ರಿಂದ 6 ವಾರ ನೋಡಿದ ಮೇಲೂ ಸಾಲದಿದ್ದರೆ ಮಾತ್ರೆ ಬದಲಾಯಿಸುತ್ತಾರೆ.

ಮೌನ, ಉತ್ಸಾಹ ಇಲ್ಲದಿರುವುದು, ಯಾರ ಜೊತೆಗೂ ಸೇರದಿರುವುದು ಕೊನೆಗೆ ಹೋಗುತ್ತವೆ. ಮಾತ್ರೆ ಅದಕ್ಕೆ ಅಷ್ಟಾಗಿ ಸಹಾಯ ಮಾಡುವುದೂ ಇಲ್ಲ. "ಸೋಮಾರಿ ಆಗ್ಬಿಟ್ಟಿದ್ದಾನೆ" ಅಂತ ಬೈಯಬೇಡಿ.

ಮಾತ್ರೆ ತಗೊಂಡ ಮೇಲೆ ಕುತ್ತಿಗೆ ಒಂದು ಕಡೆ ತಿರುಗಿಬಿಟ್ಟಿತು. ದೇವರು ಬಂತು ಅಂದ್ರು. ಏನದು?

ಮಧುಗಿರಿ ಕಡೆಯ ಒಬ್ಬ ಹುಡುಗನಿಗೆ ಹೀಗೇ ಆಗಿತ್ತು. ಬೇರೆ ಕಡೆ ತೋರಿಸಿ ಇಂಜೆಕ್ಷನ್ ಹಾಕಿಸಿಕೊಂಡು ಊರಿಗೆ ಹೋಗಿದ್ದ. ಮರುದಿನ ಸಂಜೆ ಕುತ್ತಿಗೆ ಎಡಕ್ಕೆ ತಿರುಗಿ ನಿಂತಿತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡವು, ನಾಲಿಗೆ ಹೊರಗೆ ಬಂತು. ಮನೆಯವರು ಮೈಮೇಲೆ ಬಂದಿದೆ ಅಂತ ಆರತಿ ಎತ್ತಿದರು. ನಮ್ಮ ಹತ್ತಿರ ಕರೆದುಕೊಂಡು ಬಂದಾಗ ಅವನ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತು, ಮಾತಾಡಲು ಆಗುತ್ತಿರಲಿಲ್ಲ. ಪ್ರೊಮೆಥಜಿನ್ ಇಂಜೆಕ್ಷನ್ ಹಾಕಿದ ಸ್ವಲ್ಪ ಹೊತ್ತಿಗೆ ಕುತ್ತಿಗೆ ಸಡಿಲವಾಯಿತು. ಅವನು ಆಡಿದ ಮೊದಲ ಮಾತು: "ಇನ್ಮೇಲೆ ಮಾತ್ರೆ ಬೇಡ ಸಿಸ್ಟರ್."

ಇದಕ್ಕೆ ಡಿಸ್ಟೋನಿಯಾ ಅಂತಾರೆ. ಮೊದಲ ಕೆಲವು ದಿನಗಳಲ್ಲಿ, ವಯಸ್ಸಿನ ಹುಡುಗರಲ್ಲಿ, ಹ್ಯಾಲೋಪೆರಿಡಾಲ್‌ನಂಥ ಔಷಧಿಯಲ್ಲಿ ಜಾಸ್ತಿ. ನೋಡಲು ಭಯಂಕರ, ಆದರೆ ಇಂಜೆಕ್ಷನ್ ಹಾಕಿದರೆ ಬೇಗ ಇಳಿಯುತ್ತದೆ. ಹತ್ತಿರದ ಯಾವುದೇ ಆಸ್ಪತ್ರೆಗೆ ಚೀಟಿ ಸಮೇತ ಹೋಗಿ. "ಹೀಗಾಗಬಹುದು, ಆದರೆ ಹೆದರಬೇಡ" ಅಂತ ಆ ಹುಡುಗನಿಗೆ ಯಾರಾದರೂ ಮೊದಲೇ ಹೇಳಿದ್ದರೆ ಅವನ ಅರ್ಧ ಭಯ ಇರುತ್ತಿರಲಿಲ್ಲ. ಅವನನ್ನು ಮತ್ತೆ ಮಾತ್ರೆಗೆ ಒಪ್ಪಿಸಲು ತಿಂಗಳುಗಳೇ ಬೇಕಾದವು.

ಇನ್ನೊಂದು ಇದೆ, ಇದನ್ನು ಗುರುತಿಸುವವರು ಕಡಿಮೆ. ಕೂತಲ್ಲಿ ಕೂರಲು ಆಗುವುದಿಲ್ಲ, ಕಾಲು ಕುಣಿಯುತ್ತಿರುತ್ತದೆ, ಹಜಾರದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಲೇ ಇರುತ್ತಾನೆ. ಒಳಗೆ ಯಾರೋ ತಳ್ಳಿದ ಹಾಗೆ ಸಂಕಟ. ಹೆಸರು ಅಕಥೀಸಿಯಾ. ಮನೆಯವರು "ಕಾಯಿಲೆ ಜಾಸ್ತಿ ಆಯ್ತು" ಅಂದುಕೊಳ್ಳುತ್ತಾರೆ. ಡೋಸ್ ಏರಿಸಿದರೆ ಇದು ಇನ್ನೂ ಕೆಡುತ್ತದೆ. ಈ ಸಂಕಟ ತಡೆಯಲಾರದೆ ಸಾಯುವ ಯೋಚನೆ ಮಾಡುವವರೂ ಇದ್ದಾರೆ. ಡೋಸ್ ಇಳಿಸಿ, ಮಾತ್ರೆ ಬದಲಾಯಿಸಿ, ಅಥವಾ ಪ್ರೊಪ್ರನೊಲಾಲ್ ಕೊಟ್ಟು ಸರಿ ಮಾಡಬಹುದು.

ಕೈ ನಡುಕ, ಜೊಲ್ಲು, ನಡಿಗೆ ಬಿಗಿತಕ್ಕೆ ಟ್ರೈಹೆಕ್ಸಿಫೆನಿಡಿಲ್ ಅನ್ನುವ ಚಿಕ್ಕ ಮಾತ್ರೆ ಬರೆದಿರುತ್ತಾರೆ. ಅದನ್ನು ಎಲ್ಲರಿಗೂ, ಎಷ್ಟೋ ವರ್ಷ ಸುಮ್ನೆ ಮುಂದುವರಿಸುವುದು ಸರಿಯಲ್ಲ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಮರೆವು ಬರುತ್ತದೆ. ಪ್ರತಿ ಭೇಟಿಯಲ್ಲಿ "ಇದು ಇನ್ನೂ ಬೇಕಾ?" ಅಂತ ಕೇಳಿ.

ಎರಡೇ ತಿಂಗಳಲ್ಲಿ ಪ್ಯಾಂಟ್ ಹಿಡಿಸ್ತಿಲ್ಲ. ತೂಕ ಹೀಗೇ ಏರುತ್ತಾ?

ಓಲಾಂಜಪೈನ್‌ನಲ್ಲಿ, ಬೇರೆ ಮಾತ್ರೆಗಳಿಗೆ ಬಗ್ಗದಾಗ ಕೊಡುವ ಕ್ಲೋಜಪೈನ್‌ನಲ್ಲಿ ತೂಕ ಬೇಗ ಏರುತ್ತದೆ, ಅದೂ ಮೊದಲ ವಾರಗಳಲ್ಲೇ. ಅದಕ್ಕೇ ಮೊದಲ 6 ವಾರ ಪ್ರತಿ ವಾರ ತೂಕ ನೋಡಿ ಒಂದು ಪುಸ್ತಕದಲ್ಲಿ ಬರೆಯಿರಿ. ಮೂರು ತಿಂಗಳಿಗೆ ಶುಗರ್, ಕೊಲೆಸ್ಟ್ರಾಲ್ ಮತ್ತೆ ನೋಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಹಸಿವು ಮಾತ್ರೆಯಿಂದ ಬರುತ್ತಿದೆ, ಹುಡುಗನ ಆಸೆಬುರುಕತನದಿಂದಲ್ಲ. ಮುದ್ದೆ, ಸೊಪ್ಪಿನ ಸಾರು ಇರಲಿ. ಬೇಕರಿ ತಿಂಡಿ, ಕೂಲ್‌ಡ್ರಿಂಕ್ಸ್ ಮನೆಗೆ ತರುವುದನ್ನೇ ನಿಲ್ಲಿಸಿ, ಮನೆಮಂದಿಯೆಲ್ಲ ನಿಲ್ಲಿಸಿ. ಏರುತ್ತಲೇ ಇದ್ದರೆ ಮಾತ್ರೆ ಬದಲಾಯಿಸಬಹುದು, ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಸೇರಿಸಬಹುದು. ಇಪ್ಪತ್ತರ ಹುಡುಗನ ಮೈಗೆ ಇದು ಸಣ್ಣ ವಿಷಯ ಅಂತ ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ.

ಮಗಳಿಗೆ ಮುಟ್ಟು ನಿಂತಿದೆ. ಯಾರಿಗೆ ಹೇಳೋದು?

ನಮಗೇ ಹೇಳಿ. ತಿಪಟೂರು ಕಡೆಯ ಒಬ್ಬ ತಾಯಿ ಮೂರು ತಿಂಗಳು ಯಾರಿಗೂ ಹೇಳದೆ ಮಗಳ ಮೇಲೇ ಸಂಶಯಪಟ್ಟು ಬೈಯುತ್ತಿದ್ದರು. ಆ ಹುಡುಗಿ ಅವಮಾನದಿಂದ ಮಾತ್ರೆ ಬಿಟ್ಟಳು, ಮತ್ತೆ ಮಾತು ಕೇಳಿಸಲು ಶುರುವಾಯಿತು. ಕಾರಣ ಇಷ್ಟೇ: ರಿಸ್ಪೆರಿಡೋನ್ ಅವಳ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿಸಿತ್ತು. ಅದರಿಂದ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲು ಬರಬಹುದು. ಗರ್ಭ ಇಲ್ಲ ಅಂತ ಒಂದು ಪರೀಕ್ಷೆ, ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆ, ಆಮೇಲೆ ಮಾತ್ರೆ ಬದಲಾವಣೆ. ಗಂಡಸರಲ್ಲೂ ಲೈಂಗಿಕ ತೊಂದರೆ ಆಗುತ್ತದೆ. ಅವರು ಬಾಯಿಬಿಡುವುದಿಲ್ಲ, ಮಾತ್ರೆ ಬಿಡುತ್ತಾರೆ. ಡಾಕ್ಟರ್ ಜೊತೆ ಅವರನ್ನು ಐದು ನಿಮಿಷ ಒಬ್ಬರೇ ಬಿಡಿ.

ಈ ಮಾತ್ರೆ ಚಟ ಆಗುತ್ತಾ?

ಆಂಟಿಸೈಕೋಟಿಕ್ ಚಟ ಆಗುವುದಿಲ್ಲ. ಇನ್ನೂ ಬೇಕು ಅನ್ನುವ ಹಂಬಲ ಬರುವುದಿಲ್ಲ. ಆದರೆ ದಿಢೀರನೆ ನಿಲ್ಲಿಸಿದರೆ ನಿದ್ದೆ ಕೆಡುವುದು, ವಾಕರಿಕೆ, ಕಾಯಿಲೆ ತಿರುಗಿ ಬರುವುದು ಆಗುತ್ತದೆ. ಲೋರಜೆಪಾಮ್, ಕ್ಲೋನಜೆಪಾಮ್ ಮಾತ್ರ ಬಹಳ ದಿನ ತಗೊಂಡರೆ ಅಭ್ಯಾಸವಾಗಬಹುದು. ಅವನ್ನು ಡಾಕ್ಟರ್ ಹೇಳಿದಷ್ಟೇ ದಿನ.

ಮಾತ್ರೆ ಅಂದ್ರೆ ಬೇಡ ಅಂತಾನೆ. ಸಾರಿನಲ್ಲಿ, ಕಾಫಿಯಲ್ಲಿ ಬೆರೆಸಿ ಕೊಡಬಹುದಾ?

ಇದನ್ನು ಕೇಳುವಾಗ ಅಮ್ಮಂದಿರು ದನಿ ತಗ್ಗಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಹೀಗೆ ನಡೆಯುತ್ತಿದೆ ಅಂತ ನಮಗೂ ಗೊತ್ತು. ಬೇರೆ ದಾರಿ ಕಾಣದೆ ಮಾಡುತ್ತೀರಿ, ಅದಕ್ಕೆ ನಿಮ್ಮನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೂ ಬೇಡ ಅಂತಲೇ ಹೇಳುತ್ತೇನೆ.

"ಊಟದಲ್ಲಿ ಏನೋ ಹಾಕುತ್ತಿದ್ದಾರೆ" ಅನ್ನುವುದೇ ಅವನ ಕಾಯಿಲೆಯ ಅನುಮಾನ ಆಗಿದ್ದರೆ, ನೀವು ಅದನ್ನು ನಿಜ ಮಾಡಿದ ಹಾಗಾಯಿತು. ಒಂದಲ್ಲ ಒಂದು ದಿನ ಲೋಟದ ತಳದಲ್ಲಿ ಪುಡಿ ಕಾಣುತ್ತದೆ. ಅವತ್ತಿನಿಂದ ಊಟವನ್ನೂ ಬಿಡುತ್ತಾನೆ, ನಿಮ್ಮನ್ನೂ ನಂಬುವುದಿಲ್ಲ. ಅರ್ಧ ಲೋಟ ಕುಡಿದರೆ ಡೋಸ್ ಎಷ್ಟು ಹೋಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಅದೇ ಸಾರು ಚಿಕ್ಕ ಮಗು ಉಂಡರೆ ಅಪಾಯ. ಕುತ್ತಿಗೆ ತಿರುಗಿದರೆ, ಮೈ ಬಿಗಿದರೆ ಯಾಕೆ ಅಂತ ಅವನಿಗೆ ಗೊತ್ತಾಗುವುದಿಲ್ಲ, ಹೇಳಲೂ ಬರುವುದಿಲ್ಲ. ಹುಷಾರಾದ ಮೇಲೂ "ನಾನು ಮಾತ್ರೆ ಇಲ್ಲದೇ ಸರಿಹೋದೆ" ಅಂತ ತಿಳಿಯುತ್ತಾನೆ. ಮುಂದಿನ ಸಲ ಇನ್ನೂ ಕಷ್ಟ.

ಹಾಗಾದ್ರೆ ಏನು ಮಾಡೋದು? ಅವನಿಗೆ ಏನು ತೊಂದರೆ ಕೊಡುತ್ತಿದೆಯೋ ಅದರಿಂದ ಮಾತು ಶುರು ಮಾಡಿ. "ನಿನಗೆ ಹುಚ್ಚು, ಮಾತ್ರೆ ನುಂಗು" ಅಂದರೆ ಯಾರೂ ನುಂಗುವುದಿಲ್ಲ. "ನಿದ್ದೆ ಇಲ್ಲದೆ ಎಷ್ಟು ದಿನ ಆಯ್ತು ಮಗ, ನಿದ್ದೆಗಾದರೂ ತೋರಿಸೋಣ" ಅಂದರೆ ಬಹಳ ಮಂದಿ ಬರುತ್ತಾರೆ. ಯಾರ ಮಾತು ಕೇಳುತ್ತಾನೆ ನೋಡಿ: ಮಾವ, ಅಕ್ಕ, ಹಳೇ ಮೇಷ್ಟ್ರು. ಹಿಂದಿನ ಮಾತ್ರೆಯಲ್ಲಿ ಏನು ಹಿಂಸೆ ಆಯಿತು ಅಂತ ಕೇಳಿ, ಡಾಕ್ಟರಿಗೆ ಅದನ್ನೇ ಹೇಳಿ. ರಿಸ್ಪೆರಿಡೋನ್, ಓಲಾಂಜಪೈನ್ ಬಾಯಲ್ಲಿ ಕರಗುವ ಮಾತ್ರೆಯಾಗಿಯೂ ಸಿಗುತ್ತವೆ. ಅವನು ಬರದಿದ್ದರೂ ನೀವೊಬ್ಬರೇ ಬಂದು ಮಾತಾಡಿ. ಈಗಾಗಲೇ ಬೆರೆಸಿ ಕೊಡುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ತಿಳಿಸಿ, ನಿಧಾನವಾಗಿ ಅವನಿಗೆ ಹೇಳುವ ದಾರಿ ಒಟ್ಟಿಗೆ ಹುಡುಕಬಹುದು.

ತಿಂಗಳಿಗೊಂದು ಇಂಜೆಕ್ಷನ್ ಇದೆಯಂತೆ?

ಇದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕುವ ಫ್ಲುಫೆನಜಿನ್, ಹ್ಯಾಲೋಪೆರಿಡಾಲ್ ಹಳೆಯವು. ಪಾಲಿಪೆರಿಡೋನ್ ಹೊಸದು, ದುಬಾರಿ. ದಿನಾ ಮಾತ್ರೆ ನೆನಪಿಡಲು ಬೇಜಾರು ಅನ್ನುವ ಹುಡುಗರಿಗೆ ಇದು ಒಳ್ಳೆಯ ದಾರಿ. ಮೊದಲು ಅದೇ ಔಷಧಿಯನ್ನು ಮಾತ್ರೆ ರೂಪದಲ್ಲಿ ಕೊಟ್ಟು ಒಗ್ಗುತ್ತದಾ ನೋಡಬೇಕು, ಯಾಕಂದರೆ ಹಾಕಿದ ಇಂಜೆಕ್ಷನ್ ವಾಪಸ್ ತೆಗೆಯಲು ಆಗುವುದಿಲ್ಲ. ಶಿಕ್ಷೆಯ ಹಾಗೆ ಹಾಕಿಸಬೇಡಿ.

ಬೀಡಿ, ಎಣ್ಣೆ, ಗಾಂಜಾ?

ಗಾಂಜಾ ಪೂರ್ತಿ ಬಿಡಬೇಕು. ಕಾಯಿಲೆ ತಿರುಗಿ ಬರಲು ದೊಡ್ಡ ಕಾರಣಗಳಲ್ಲಿ ಅದೂ ಒಂದು. ಎಣ್ಣೆ ಮಾತ್ರೆಯ ಮಂಪರನ್ನು ಹೆಚ್ಚಿಸುತ್ತದೆ. ಬೀಡಿ, ಸಿಗರೇಟಿನ ವಿಷಯ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ: ಹೊಗೆಯಲ್ಲಿರುವ ಅಂಶಗಳಿಂದ ಲಿವರ್ ಓಲಾಂಜಪೈನ್, ಕ್ಲೋಜಪೈನ್ ಎರಡನ್ನೂ ಬೇಗ ಕರಗಿಸಿ ಹಾಕುತ್ತದೆ. ವಾರ್ಡಿನಲ್ಲಿ ಬೀಡಿ ಇಲ್ಲದೆ ಸರಿಯಾಗಿದ್ದ ಡೋಸ್, ಊರಿಗೆ ಹೋಗಿ ದಿನಕ್ಕೊಂದು ಕಟ್ಟು ಸೇದಲು ಶುರು ಮಾಡಿದರೆ ಸಾಲುವುದಿಲ್ಲ. ಹಾಗೇ, ಕ್ಲೋಜಪೈನ್ ತಗೊಳ್ಳುವವರು ಬೀಡಿ ದಿಢೀರನೆ ಬಿಟ್ಟರೆ ರಕ್ತದಲ್ಲಿ ಔಷಧಿ ಏರಿ ಅಪಾಯವಾಗಬಹುದು. ಬಿಡಿ, ಖಂಡಿತ ಬಿಡಿ. ಬಿಡುವ ಮುಂಚೆ ಹೇಳಿ ಬಿಡಿ.

ತೆಂಗಿನ ಮರ ಹತ್ತಬಹುದಾ? ಟ್ರ್ಯಾಕ್ಟರ್ ಓಡಿಸಬಹುದಾ?

ಮೊದಲ ಕೆಲವು ವಾರ ಬೇಡ. ಡೋಸ್ ಏರಿಸಿದಾಗಲೂ ಬೇಡ. ಕೆಲವರಿಗೆ ಎದ್ದು ನಿಂತಾಗ ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತದೆ. ಹಗಲು ಮಂಪರು ಇಲ್ಲ, ಕೈ ನಡುಕ ಇಲ್ಲ ಅಂತ ಆದ ಮೇಲೆ ಕೇಳಿ ಶುರು ಮಾಡಿ. ಪಾವಗಡ, ಶಿರಾ ಕಡೆಯ ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿನ ಕೆಲಸ ತಪ್ಪಿಸಿ, ನೀರು ಚೆನ್ನಾಗಿ ಕುಡಿಯಲಿ. ಈ ಮಾತ್ರೆಗಳಲ್ಲಿ ಮೈ ಬಿಸಿಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ ಆಗುತ್ತದೆ.

ಈಗ ಪೂರ್ತಿ ಹುಷಾರಾಗಿದ್ದಾನೆ. ಯಾವಾಗ ನಿಲ್ಲಿಸಬಹುದು?

ಲಕ್ಷಣ ಪೂರ್ತಿ ಹೋದ ಮೇಲೂ ಕನಿಷ್ಠ ಒಂದರಿಂದ ಎರಡು ವರ್ಷ ಮುಂದುವರಿಸುವುದು ಸಾಮಾನ್ಯ ಸಲಹೆ. ಯಾಕೆ ಅಂತ ಹೇಳುತ್ತೇನೆ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೊದಲ ಸಲ ಕಾಯಿಲೆ ಬಂದು ಚೇತರಿಸಿಕೊಂಡವರಲ್ಲಿ ಸುಮಾರು ಶೇ. 82 ಜನರಿಗೆ ಐದು ವರ್ಷದೊಳಗೆ ಒಮ್ಮೆಯಾದರೂ ಅದು ಮರುಕಳಿಸಿತು. ಮಾತ್ರೆ ನಿಲ್ಲಿಸಿದವರಲ್ಲಿ ಆ ಅಪಾಯ ಸುಮಾರು ಐದು ಪಟ್ಟು ಇತ್ತು.

ಹಾಗಂತ ಎಲ್ಲರಿಗೂ ಜೀವನವಿಡೀ ಮಾತ್ರೆ ಅಂತ ನಾನು ಹೇಳುತ್ತಿಲ್ಲ. ಕೆಲವರು ನಿಲ್ಲಿಸಿಯೂ ಚೆನ್ನಾಗಿರುತ್ತಾರೆ. ಯಾರು ಅಂತ ಮೊದಲೇ ಹೇಳುವ ಪರೀಕ್ಷೆ ಇಲ್ಲ. ನಿಲ್ಲಿಸಬೇಕು ಅಂತ ಅವನಿಗೆ ಅನಿಸಿದರೆ ಅದನ್ನು ಬಾಯಿಬಿಟ್ಟು ಹೇಳುವ ವಾತಾವರಣ ಮನೆಯಲ್ಲಿರಲಿ. ಗುಟ್ಟಾಗಿ ಬಿಟ್ಟವನಿಗಿಂತ ಹೇಳಿ ಬಿಡುವವನನ್ನು ಕಾಪಾಡುವುದು ಸುಲಭ. ಪರೀಕ್ಷೆ, ಮದುವೆ, ಹೊಸ ಕೆಲಸದ ಗಡಿಬಿಡಿ ಇಲ್ಲದ ಕಾಲ ನೋಡಿ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅವನಿಗೆ ಹಿಂದೆ ಕಾಯಿಲೆ ಹೇಗೆ ಶುರುವಾಗಿತ್ತು ಅಂತ ಬರೆದಿಟ್ಟುಕೊಳ್ಳಿ. ನಿದ್ದೆ ಕೆಟ್ಟಿತ್ತಾ? ಫೋನ್ ಸ್ವಿಚ್ ಆಫ್ ಮಾಡುತ್ತಿದ್ದನಾ? ಅದೇ ಮತ್ತೆ ಕಂಡರೆ ಆ ವಾರವೇ ಬನ್ನಿ.

ಒಂದು ದಿನ ಮಾತ್ರೆ ಮರೆತರೆ ಮರುದಿನ ಎರಡು ನುಂಗಬೇಡಿ. ಕ್ಲೋಜಪೈನ್ ಎರಡು ದಿನಕ್ಕಿಂತ ಜಾಸ್ತಿ ತಪ್ಪಿದರೆ ಹಳೆಯ ಡೋಸ್ ನೇರವಾಗಿ ಶುರು ಮಾಡಲೇಬಾರದು, ಡಾಕ್ಟರನ್ನು ಕೇಳಿ.

ಎರಡು ಮಾತ್ರೆ ಬದಲಾಯಿಸಿದ್ರೂ ಮಾತು ಕೇಳಿಸೋದು ನಿಂತಿಲ್ಲ. ಮುಂದೇನು?

ಮೊದಲು ಮಾತ್ರೆ ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯಾ, ಗಾಂಜಾ ನಿಂತಿದೆಯಾ ನೋಡಬೇಕು. ಎರಡು ಬೇರೆ ಬೇರೆ ಮಾತ್ರೆ ಸರಿಯಾದ ಡೋಸಿನಲ್ಲಿ, ಸಾಕಷ್ಟು ವಾರ ಕೊಟ್ಟೂ ಬಗ್ಗದಿದ್ದರೆ ಕ್ಲೋಜಪೈನ್. ಇಂಥವರಿಗೆ ಅದರಷ್ಟು ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಇನ್ನೊಂದಿಲ್ಲ. ಅಪರೂಪಕ್ಕೆ ಅದು ಬಿಳಿ ರಕ್ತಕಣ ಇಳಿಸುತ್ತದೆ, ಹಾಗಾಗಿ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ. ಗಂಟಲು ನೋವು, ಜ್ವರ ಬಂದರೆ ಅವತ್ತೇ ತೋರಿಸಿ. ಮಲಬದ್ಧತೆಯನ್ನೂ ಹಗುರವಾಗಿ ತಗೊಳ್ಳಬೇಡಿ. ಪರೀಕ್ಷೆಯ ಓಡಾಟಕ್ಕೆ ಹೆದರಿ ಇದನ್ನು ವರ್ಷಗಟ್ಟಲೆ ಮುಂದೂಡುವುದು ನನಗೆ ಬಹಳ ಬೇಸರ ತರುವ ವಿಷಯ.

ಮದುವೆ ಮಾಡಿದ್ರೆ ಸರಿಹೋಗುತ್ತಾ?

ಇಲ್ಲ. ಮದುವೆ ಚಿಕಿತ್ಸೆ ಅಲ್ಲ. ಹುಷಾರಾಗಿ, ಕೆಲಸ ಹಿಡಿದು, ಸ್ವಂತ ಇಷ್ಟದಿಂದ, ಎದುರಿನವರಿಗೆ ವಿಷಯ ತಿಳಿಸಿ ಮದುವೆಯಾದವರು ಚೆನ್ನಾಗಿ ಬಾಳುತ್ತಿದ್ದಾರೆ. ಮುಚ್ಚಿಟ್ಟು ಮಾಡಿದರೆ ಮೊದಲ ವಾರದಲ್ಲೇ ಮಾತ್ರೆ ಬಚ್ಚಿಡಬೇಕಾಗುತ್ತದೆ, ಆಮೇಲೆ ನಿಲ್ಲಿಸಬೇಕಾಗುತ್ತದೆ. ಮಗು ಬೇಕು ಅನಿಸಿದಾಗ ಮೊದಲೇ ಬಂದು ಮಾತಾಡಿ. ಗರ್ಭಿಣಿ ಅಂತ ಗೊತ್ತಾದ ದಿನವೇ ಹೆದರಿ ಮಾತ್ರೆ ನಿಲ್ಲಿಸಬೇಡಿ. ಆಂಟಿಸೈಕೋಟಿಕ್‌ಗಳಲ್ಲಿ ಹಲವನ್ನು ನೋಡಿಕೊಂಡು ಮುಂದುವರಿಸಬಹುದು. ಆದರೆ ಜೊತೆಯಲ್ಲಿ ವಾಲ್‌ಪ್ರೊಯೇಟ್ (ಬೈಪೋಲಾರ್‌ಗೆ, ಫಿಟ್ಸ್‌ಗೆ ಕೊಡುವ ಮಾತ್ರೆ) ಇದ್ದರೆ ಅದರಿಂದ ಮಗುವಿಗೆ ಅಪಾಯ, ಅದನ್ನು ಗರ್ಭಕ್ಕೆ ಮುಂಚೆಯೇ ಬದಲಾಯಿಸಬೇಕು.

ಬರೀ ಮಾತ್ರೆ ಸಾಕಾ?

ಸಾಲದು. ಮನೆಯವರಿಗೆ ಕಾಯಿಲೆ ಬಗ್ಗೆ ತಿಳಿವಳಿಕೆ, ಅವನಿಗೆ ಆಪ್ತಸಮಾಲೋಚನೆ, ಕಾಲೇಜಿಗೋ ಕೆಲಸಕ್ಕೋ ವಾಪಸ್ ಹೋಗಲು ಸಹಾಯ, ಇವೆಲ್ಲ ಜೊತೆಗೆ ಬೇಕು. ಕೂಗಾಟ, ಚುಚ್ಚುಮಾತು ಕಡಿಮೆ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದೂ ಕಡಿಮೆ.

ಬೆಂಗಳೂರಿಗೇ ಹೋಗಬೇಕಾ? ಖರ್ಚು?

ಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಮುಖ್ಯವಾದ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಉಚಿತ, ಜನೌಷಧಿ ಕೇಂದ್ರದಲ್ಲಿ ಅಗ್ಗ. ಕಂಪನಿ ಬೇರೆಯಾದರೂ ಔಷಧಿಯ ಹೆಸರು ಒಂದೇ ಇದೆಯಾ ನೋಡಿಕೊಳ್ಳಿ. ಕಾಯಿಲೆ ಬಗ್ಗದಿದ್ದರೆ ಅಥವಾ ಗೊಂದಲವಿದ್ದರೆ ಇಲ್ಲಿಂದಲೇ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ.

ಬರಲ್ಲ ಅಂತಾನೆ. ಕಟ್ಟಿಹಾಕಿ ಕರ್ಕೊಂಡು ಬರಬಹುದಾ?

ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಯಾವ ರೂಪದಲ್ಲೂ ಒಪ್ಪುವುದಿಲ್ಲ. ಅವನಿಗೋ ಬೇರೆಯವರಿಗೋ ಅಪಾಯ ಇದೆ, ಚಿಕಿತ್ಸೆ ಬಗ್ಗೆ ತೀರ್ಮಾನಿಸುವ ಸ್ಥಿತಿಯಲ್ಲಿ ಇಲ್ಲ ಅಂತಾದರೆ, ಅವನ ನಾಮನಿರ್ದೇಶಿತ ಪ್ರತಿನಿಧಿಯ (ಅವನೇ ಮೊದಲು ಹೆಸರಿಸಿದವರು, ಇಲ್ಲದಿದ್ದರೆ ಸಾಮಾನ್ಯವಾಗಿ ಮನೆಯವರು) ಅರ್ಜಿಯ ಮೇಲೆ, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ 30 ದಿನದವರೆಗೆ ದಾಖಲು ಮಾಡಿಕೊಳ್ಳಲು ಅದೇ ಕಾಯಿದೆಯಲ್ಲಿ ದಾರಿ ಇದೆ. ಮುಂದೆ ಕಾಯಿಲೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಹುಷಾರಾಗಿದ್ದಾಗಲೇ ಬರೆದಿಡುವ ಹಕ್ಕೂ ಅವನಿಗಿದೆ. ಡಿಸ್ಟೋನಿಯಾ ಅನುಭವಿಸಿದವನು "ಆ ಇಂಜೆಕ್ಷನ್ ನನಗೆ ಬೇಡ" ಅಂತ ಅಲ್ಲಿ ಬರೆಯಬಹುದು.

ಯಾವಾಗ ಒಂದು ನಿಮಿಷವೂ ಕಾಯಬಾರದು?

ಮೈ ಕಟ್ಟಿಗೆಯ ಹಾಗೆ ಬಿಗಿದು ಜೋರು ಜ್ವರ, ಬೆವರು, ಗೊಂದಲ ಬಂದರೆ ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ. ಇದು ಅಪರೂಪ, ಆದರೆ ಪ್ರಾಣಾಪಾಯ. ಗಂಟಲು ಬಿಗಿದು ಉಸಿರಿಗೆ ತೊಂದರೆಯಾದರೂ ಅಷ್ಟೇ. ಸಾಯುತ್ತೇನೆ ಅಂದರೆ, "ಸಾಯಿ ಅಂತ ಮಾತು ಕೇಳಿಸ್ತಿದೆ" ಅಂದರೆ, ಊಟ ನೀರು ಬಿಟ್ಟು ಅಲುಗಾಡದೆ ಕೂತುಬಿಟ್ಟರೆ, ಬಾಣಂತಿ ನಿದ್ದೆಗೆಟ್ಟು ವಿಚಿತ್ರವಾಗಿ ಆಡಿದರೆ ರಾತ್ರಿಯಾದರೂ ಹೊರಡಿ. ಬಾಣಂತಿ ಹತ್ತಿರ ಮಗುವನ್ನು ಒಂಟಿಯಾಗಿ ಬಿಡಬೇಡಿ. ಆಂಬುಲೆನ್ಸ್‌ಗೆ 108. ಯಾರ ಹತ್ತಿರ ಮಾತಾಡಬೇಕು ಅಂತ ತಿಳಿಯದಿದ್ದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಹೊರಡುವಾಗ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್, ಹಳೇ ಚೀಟಿ, ತೂಕದ ಪುಸ್ತಕ ಒಂದೇ ಕವರಿನಲ್ಲಿ ಹಾಕಿಕೊಂಡು ಬನ್ನಿ.